ಕಾಲಿಗೆ ತಕ್ಕ ಸೈಕಲ್ಲು

ರವಿಕೆ ಹೊಲಿಸುವಾಗ ತೋಳು, ಎದೆ, ಬೆನ್ನು ಎಂದು ನಾಲ್ಕು ಕಡೆ ಟೇಪು ಹಿಡಿಸುವ ನಾವು, ಮಗಳಿಗೆ ಸೈಕಲ್ ತರುವಾಗ ಬಣ್ಣ ನೋಡಿ ತಂದುಬಿಡುತ್ತೇವೆ. ಶಿರಸಿ ಪೇಟೆಯ ಅಂಗಡಿಯಲ್ಲಿ ಕೇಳುವುದೂ ಒಂದೇ ಪ್ರಶ್ನೆ: "ಕೂಸು ಎಷ್ಟನೇ ಇಯತ್ತೆ?" ಕಾಲು ಎಷ್ಟುದ್ದ ಎಂದಲ್ಲ. "ಬೆಳೆಯೋ ಕೂಸು, ದೊಡ್ಡದೇ ಇರ್ಲಿ" ಎಂದು ಮನೆಯವರೂ ದನಿಗೂಡಿಸುತ್ತಾರೆ. ಲಂಗಕ್ಕಾದರೆ ಒಳಮಡಿಕೆ ಇಡಬಹುದು, ಸೈಕಲ್ಲಿಗೆ ಎಲ್ಲಿ ಇಡುವುದು?

ಅಂಗಡಿಯವರು ಹೇಳುವ 24, 26 ಎಂಬ ಅಂಕಿ ಚಕ್ರದ ಇಂಚು. ನಮಗೆ ಬೇಕಾದದ್ದು ಫ್ರೇಮಿನ ಅಳತೆ. ಅಂದರೆ ಪೆಡಲು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಕೊಳವೆಯ ತುದಿಯವರೆಗಿನ ಉದ್ದ. ಒಂದೇ 26ರ ಚಕ್ರಕ್ಕೆ ಗಿಡ್ಡ ಫ್ರೇಮೂ ಇರುತ್ತದೆ, ಎತ್ತರದ್ದೂ ಇರುತ್ತದೆ.

ಅಳತೆ ಮನೆಯಲ್ಲೇ ಆಗುತ್ತದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲುಗಳ ನಡುವೆ ಒಂದು ದಪ್ಪ ಪುಸ್ತಕವನ್ನು ಮೇಲಕ್ಕೊತ್ತಿ ಹಿಡಿದು, ನೆಲದಿಂದ ಪುಸ್ತಕದ ಅಂಚಿನವರೆಗೆ ಅಳೆಯಬೇಕು. ಅದನ್ನು 0.88ರಿಂದ ಗುಣಿಸಿದರೆ ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ಎತ್ತರ ಸುಮಾರಾಗಿ ಸಿಗುತ್ತದೆ. 70 ಸೆಂಟಿಮೀಟರ್ ಕಾಲಿಗೆ ಸುಮಾರು 62. ಹೊಸದಾಗಿ ಕಲಿಯುವವರು ಕಾಲ್ಬೆರಳು ನೆಲಕ್ಕೆ ತಾಗುವಷ್ಟು ಇಳಿಸಿಕೊಳ್ಳಲಿ. ಪೆಡಲು ಕೆಳಗಿದ್ದಾಗ ಮಂಡಿ ತುಸು ಬಾಗಿರಬೇಕು. ಹ್ಯಾಂಡಲ್ ಹಿಡಿದಾಗ ಮೊಣಕೈಯೂ ಅಷ್ಟೆ.

ಗಂಡಸರ ಸೈಕಲ್ಲಾದರೆ ಅಡ್ಡಕೊಳವೆಯ ಮೇಲೆ ನಿಂತು, ನಡುವೆ ಒಂದೆರಡು ಇಂಚು ಸಂದು ಉಳಿಯುತ್ತದೆಯೇ ನೋಡಬಹುದು. ಲೇಡೀಸ್ ಸೈಕಲ್ಲಿನಲ್ಲಿ ಆ ಕೊಳವೆ ಬಾಗಿ ಕೆಳಗಿಳಿದಿರುವುದರಿಂದ ಯಾರು ನಿಂತರೂ ಸರಿಯಾದಂತೆಯೇ ಕಾಣುತ್ತದೆ. ಸೀರೆಯ ಅನುಕೂಲಕ್ಕೆ ಬಾಗಿದ ಕೊಳವೆ ಅಳತೆಯ ತಪ್ಪನ್ನೂ ಮುಚ್ಚಿಬಿಡುತ್ತದೆ. ಹತ್ತಿ ಕೂತು, ನಾಲ್ಕು ಮಾರು ತುಳಿಯದೆ ಅದನ್ನು ಕೊಳ್ಳಬಾರದು.

ದೊಡ್ಮನೆಯಂಥ ಊರಿನಲ್ಲಿ ಇದು ಬರೀ ಸುಖದ ಮಾತಲ್ಲ. ಇಲ್ಲಿ ತೋಟ ತಗ್ಗಿನಲ್ಲಿ, ಮನೆ ಅದರ ಮೇಲೆ, ರಸ್ತೆ ಇನ್ನೂ ಮೇಲೆ. ಸೀಟು ತಗ್ಗಾಗಿದ್ದರೆ ಏರಿನಲ್ಲಿ ಮಂಡಿ ನೋಯುತ್ತದೆ; ಎತ್ತರವಾಗಿದ್ದರೆ ಇಳಿಜಾರಿನಲ್ಲಿ ಕಾಲೂರಲಾಗದೆ ಜೀವ ಬಾಯಿಗೆ ಬರುತ್ತದೆ.

2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ಎಷ್ಟೋ ಹುಡುಗಿಯರಿಗೆ ಹೈಸ್ಕೂಲಿನ ದಾರಿ ಹತ್ತಿರವಾಯಿತು. ಆ ಉಪಕಾರ ಸಣ್ಣದಲ್ಲ. ಆದರೆ ವಿಂಗಡಣೆ ಹುಡುಗ, ಹುಡುಗಿ ಎಂಬಲ್ಲಿಗೇ ಮುಗಿಯಿತು. ಹದಿಮೂರರ ವಯಸ್ಸಿನಲ್ಲಿ ಒಂದೇ ಬೆಂಚಿನ ಇಬ್ಬರ ನಡುವೆ ಗೇಣಿನಷ್ಟು ವ್ಯತ್ಯಾಸವಿರುತ್ತದಲ್ಲ!

1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಅವರಲ್ಲಿ ಕೆಲವರು ಗಂಡಸರ ಸೈಕಲ್ಲನ್ನೇ ಮೆಚ್ಚಿದರೆಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಕಾರಣ, ಆ ಅಡ್ಡಕೊಳವೆಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಿತ್ತು. ಹೆಂಗಸರಿಗೆ ಯಾವುದು ತಕ್ಕದ್ದೆಂದು ಅಂಗಡಿ ತೀರ್ಮಾನಿಸಲಿಲ್ಲ, ತುಳಿಯುವವರು ತೀರ್ಮಾನಿಸಿದರು.

ನಮ್ಮಲ್ಲಿ ಹುಡುಗಿ ನಾಲ್ಕು ದಿನ ಬಿದ್ದೆದ್ದು ಸೈಕಲ್ಲನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟರೆ, "ಅವಳಿಗೆ ಬರಲಿಲ್ಲ" ಎನ್ನುತ್ತೇವೆ. ಅದು ಅವಳಿಗೆ ಹೊಂದಲಿಲ್ಲ ಎನ್ನುವುದಿಲ್ಲ. ಪೇಟೆಗೆ ಹೊರಡುವಾಗ ಚೀಲದಲ್ಲಿ ಹೊಲಿಗೆಯ ಟೇಪೂ ಇರಲಿ, ಕೂಸೂ ಜೊತೆಗಿರಲಿ.