ಎರೆಯ ನೆಲ ಮತ್ತು ಏಳು ಬಿಟ್ಟುಗಳು

ಉಪಗ್ರಹದ ಕ್ಯಾಮೆರಾವನ್ನು ಪ್ರಶಂಸಿಸುವವರು ಬಹುಮಟ್ಟಿಗೆ ಅದರ ಮಸೂರದ ತೀಕ್ಷ್ಣತೆಯನ್ನು ಕುರಿತೇ ಮಾತನಾಡುವರಾದರೂ, ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯ ಚಿತ್ರಗಳನ್ನು ಸಾವಧಾನವಾಗಿ ನೋಡಿದವರಿಗೆ, ಮಸೂರವು ತಂದೊಪ್ಪಿಸಿದ ಬೆಳಕನ್ನು ಎಣಿಸಿ, ಸಂಕ್ಷೇಪಿಸಿ, ಭೂಮಿಗೆ ಕಳುಹುವ ವಿದ್ಯುನ್ಮಂಡಲವೇ ಚಿತ್ರದ ಯೋಗ್ಯತೆಯನ್ನು ನಿರ್ಣಯಿಸತಕ್ಕದ್ದೆಂಬುದು ಮನದಟ್ಟಾಗದೆ ಇರದು. 2003ರ ಅಕ್ಟೋಬರ್ 17ರಂದು ಕಕ್ಷೆಗೇರಿದ ರಿಸೋರ್ಸ್‌ಸ್ಯಾಟ್-1 ಮತ್ತು 2011ರ ಏಪ್ರಿಲ್ 20ರಂದು ಅದನ್ನು ಹಿಂಬಾಲಿಸಿದ ರಿಸೋರ್ಸ್‌ಸ್ಯಾಟ್-2, ಇವೆರಡರ ಲಿಸ್-4 ಕ್ಯಾಮೆರಾಗಳನ್ನು ಈ ದೃಷ್ಟಿಯಿಂದ ತೂಗಿ ನೋಡಬೇಕು. ಎರಡರಲ್ಲಿಯೂ ಚಿತ್ರದ ಚುಕ್ಕೆ ನೆಲದ ಮೇಲೆ 5.8 ಮೀಟರ್ ಚೌಕ. ನಮ್ಮ ರೈತರ ಲೆಕ್ಕದಲ್ಲಿ ಗುಂಟೆಗೆ ಮೂರು ಚುಕ್ಕೆ.

ಈ ಕ್ಯಾಮೆರಾದಲ್ಲಿ ಬೆಳಕನ್ನು ಹಿಡಿಯುವುದು ಸಾಲಾಗಿ ಜೋಡಿಸಿದ ಸಿಸಿಡಿ ಕಣಗಳು. ಉಪಗ್ರಹವು ಮುಂದೆ ಸರಿದಂತೆಲ್ಲ, ಒಂದು ಮಿಲಿಸೆಕೆಂಡಿಗೂ ಕಡಿಮೆಯಾದ ಅವಧಿಯಲ್ಲಿ, ಸಾಲಿನ ಪ್ರತಿಯೊಂದು ಕಣದ ವಿದ್ಯುದಂಶವನ್ನೂ ಹೊರಸೆಳೆದು, ಶೂನ್ಯಸ್ಥಿತಿಯ ಮಟ್ಟವನ್ನು ಮೊದಲು ಅಳೆದು ಬಳಿಕ ಅದನ್ನು ಕಳೆದು, ಉಳಿದುದನ್ನು ಅಂಕಿಯಾಗಿ ಪರಿವರ್ತಿಸಿ, ಮುಂದಿನ ಸಾಲಿಗೆ ಅಣಿಯಾಗಬೇಕು. ಮೊದಲನೆಯ ಉಪಗ್ರಹವು ಹೀಗೆ 10 ಬಿಟ್ಟುಗಳಲ್ಲಿ, ಎಂದರೆ ದ್ವಿಮಾನ ಅಂಕಿಗಳಲ್ಲಿ, ಎಣಿಸಿದರೂ ಪ್ರಸಾರದ ಮಿತಿಗೆ ಒಳಪಟ್ಟು 7 ಬಿಟ್ಟುಗಳನ್ನಷ್ಟೇ ಆರಿಸಿ ಕಳುಹುತ್ತಿತ್ತು. ಬಣ್ಣದ ಚಿತ್ರದ ಪಟ್ಟಿಯಗಲವೂ ಸುಮಾರು 23 ಕಿಲೋಮೀಟರಿಗೆ ಸೀಮಿತವಾಗಿತ್ತು.

7 ಬಿಟ್ಟುಗಳ ಈ ಮಿತಿಯ ಪರಿಣಾಮ ಎರೆಯ ಮೇಲೆ ಎಂತಹದು? ಬಿತ್ತನೆಗೆ ಹದಗೊಂಡ ಕರಿನೆಲವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಟು ಪಾಲನ್ನು ಹಿಂದಿರುಗಿಸುವುದೆಂದು ಎಣಿಸಿ, ಹಿಮಮರುಭೂಮಿಗಳಿಗೂ ಒಗ್ಗುವಂತೆ ಅಳತೆಯನ್ನು ನಿಗದಿಪಡಿಸಿದಲ್ಲಿ, ಆ ಬಿಟ್ಟುಗಳು ನೀಡುವ 128 ಮೆಟ್ಟಿಲುಗಳ ಪೈಕಿ ನಮ್ಮ ಪಾಲಿಗೆ ಬರುವುದು ಕೇವಲ ಹತ್ತು. ಆ ಹತ್ತರೊಳಗೆಯೇ ಹಸಿ ಎರೆ, ಒಣ ಎರೆ, ಬೆಣ್ಣೆಹಳ್ಳದ ಪ್ರವಾಹ ಬಿಟ್ಟುಹೋದ ಕೆಸರು, ಆಗತಾನೆ ಮೊಳೆತ ಹಿಂಗಾರಿ ಜೋಳ, ಕಡಲೆ, ಕುಸುಬೆಗಳೆಲ್ಲ ತಮ್ಮ ಭೇದವನ್ನು ಪ್ರಕಟಿಸಬೇಕು! ಕೊಳಗದಿಂದ ಒಳ್ಳೆಣ್ಣೆಯನ್ನಳೆದಂತೆ ಆಯಿತು ಅದು. ಆಕಾಶದಲ್ಲಿಯೇ ತ್ಯಜಿಸಲ್ಪಟ್ಟ ಬಿಟ್ಟನ್ನು ಭೂಮಿಯ ಮೇಲಿನ ಯಾವ ಗಣಕವೂ ಮರಳಿ ತರಲಾರದು.

ಎರಡನೆಯ ಉಪಗ್ರಹದ ಹಿರಿಮೆಯೆಲ್ಲ ಇಲ್ಲಿಯೇ ಇದೆ. ಪ್ರತಿ ಚುಕ್ಕೆಯ ಪೂರ್ಣಮೌಲ್ಯವನ್ನು ಕಳುಹುವ ಬದಲು, ನೆರೆಯ ಚುಕ್ಕೆಯಿಂದ ಅದನ್ನು ಊಹಿಸಿ, ಊಹೆಗೂ ವಾಸ್ತವಕ್ಕೂ ಇರುವ ಅಂತರವನ್ನಷ್ಟೇ ಕಳುಹುವ ಡಿಪಿಸಿಎಂ ವಿಧಾನವನ್ನು ಯಂತ್ರದಲ್ಲಿಯೇ ಅಳವಡಿಸಿದ್ದರಿಂದ, 10 ಬಿಟ್ಟುಗಳ ಎಣಿಕೆಯೂ 70 ಕಿಲೋಮೀಟರ್ ಪಟ್ಟಿಯಗಲವೂ ಒಟ್ಟಿಗೆ ದೊರೆತುವು. ಅದೇ ಎರೆಗೆ ಈಗ ಸುಮಾರು ಎಂಬತ್ತು ಮೆಟ್ಟಿಲು. ಸಂವೇದಕದ ಸ್ವಂತ ಗದ್ದಲವು ಇವುಗಳಲ್ಲಿ ಕೆಲವನ್ನು ನುಂಗುವುದು ನಿಜವಾದರೂ, ಉಳಿದವು ಅಲ್ಪವಲ್ಲ. ಮಸೂರವನ್ನು ಮುಟ್ಟದೆ ಸಾಧಿಸಿದ ಈ ಲಾಭವನ್ನು ನಾನು ಉತ್ಕೃಷ್ಟ ಶಿಲ್ಪವೆಂದೇ ಗಣಿಸುತ್ತೇನೆ.

ಆದರೆ ಊಹೆಯನ್ನವಲಂಬಿಸಿದ ವಿಧಾನವು ಎಲ್ಲ ನೆಲಕ್ಕೂ ಸಮನಾಗಿ ಒಲಿಯದು. ನವಲಗುಂದದ ವಿಶಾಲವಾದ ಎರೆಹೊಲಗಳಲ್ಲಿ ನೆರೆಯ ಚುಕ್ಕೆಗಳು ಪರಸ್ಪರ ಸದೃಶವಾದುದರಿಂದ ಊಹೆ ಫಲಿಸುವುದು. ಕಲಘಟಗಿಯ ಕಡೆ, ಕಾಡಿನಂಚಿನಲ್ಲಿ ಸಣ್ಣ ಭತ್ತದ ಗದ್ದೆ, ಮರ, ಕೆರೆ, ಕೆಂಪುಮಣ್ಣಿನ ದಾರಿಗಳು ಹೆಜ್ಜೆಹೆಜ್ಜೆಗೂ ಬದಲಾಗುವುದರಿಂದ ಅಂತರವು ಹಿಗ್ಗಿ, ಅಂಚುಗಳಲ್ಲಿ ದೋಷ ನುಸುಳುವ ಸಂಭವ ಹೆಚ್ಚು. ಮುಂಗಾರಿನ ಮೋಡಗಳ ಮುಂದಂತೂ ಎರಡೂ ಕ್ಯಾಮೆರಾಗಳು ನಿರುಪಾಯವಾಗುವುವು.

ಎರಡನೆಯ ಉಪಗ್ರಹದ ಅವಿಫ್ಸ್ ಕ್ಯಾಮೆರಾ ಮತ್ತೊಂದು ಮಾರ್ಗವನ್ನು ತೋರಿಸಿದೆ: 12 ಬಿಟ್ಟುಗಳಲ್ಲಿ ಅಳೆದುದನ್ನು 10ಕ್ಕೆ ಇಳಿಸುವಾಗ ಅದು ಮಂದಬೆಳಕಿಗೆ ಸೂಕ್ಷ್ಮವಾದ ಮೆಟ್ಟಿಲುಗಳನ್ನೂ ಪ್ರಖರಬೆಳಕಿಗೆ ಸ್ಥೂಲವಾದವನ್ನೂ ಹಂಚುತ್ತದೆ. ಕಪ್ಪುನೆಲಕ್ಕೆ ಇದಕ್ಕಿಂತ ನ್ಯಾಯವಾದ ವಿಭಾಗವನ್ನು ನಾನರಿಯೆ. ದುರ್ದೈವವೆಂದರೆ ಅದರ ಒಂದು ಚುಕ್ಕೆ 56 ಮೀಟರ್ ಚೌಕ, ಎಂದರೆ ಮುಕ್ಕಾಲು ಎಕರೆಗೂ ಮಿಗಿಲು. ಕುಂದಗೋಳದಲ್ಲಿ ಮೆಣಸಿನಗಿಡವನ್ನೂ ಹತ್ತಿಯನ್ನೂ ಒಂದೇ ಹೊಲದ ಅಕ್ಕಡಿಯಲ್ಲಿ ಬೆಳೆಯುವ ಒಕ್ಕಲಿಗನಿಗೆ ಅದರಿಂದ ಪ್ರಯೋಜನ ಸ್ವಲ್ಪ. 5.8 ಮೀಟರಿನ ಕ್ಯಾಮೆರಾಕ್ಕೂ ಇದೇ ಹಂಚಿಕೆಯನ್ನು ಅಳವಡಿಸಿದ್ದರೆ, ಅವನ ಹೊಲದ ಬೆಳೆಯನ್ನು ಇನ್ನಷ್ಟು ವಿಶ್ವಾಸದಿಂದ ಗುರುತಿಸಬಹುದಾಗಿತ್ತು.