ಬಡವಾಗದ ಕಾಯಿಲೆ

ಕನ್ನಡದಲ್ಲಿ ತೆಳ್ಳಗಾಗುವುದಕ್ಕೆ ‘ಬಡವಾಗುವುದು’ ಎನ್ನುತ್ತೇವೆ. ರಜೆಗೆ ಊರಿಗೆ ಹೋದಾಗಲೆಲ್ಲ ‘ಯಾಕೋ ಬಡವಾಗಿದ್ದೀಯಲ್ಲ’ ಎಂದು ಅಜ್ಜಿ ಕೇಳುತ್ತಿದ್ದಳು. ಬ್ಯಾಂಕ್ ಖಾತೆಯ ವಿಚಾರವಲ್ಲ ಅದು. ಮೈ ಇಳಿದರೆ ನಷ್ಟ, ತುಂಬಿಕೊಂಡರೆ ಲಾಭ. ನಮ್ಮ ಕಥೆ, ಸಿನಿಮಾಗಳಲ್ಲೂ ಇದೇ ಲೆಕ್ಕ. ಪರದೆಯ ಮೇಲಿನ ಕ್ಯಾನ್ಸರ್ ರೋಗಿ ಎಂದರೆ ಗುಳಿಬಿದ್ದ ಕೆನ್ನೆ, ತಲೆಗೊಂದು ಬಟ್ಟೆ, ಹೆಗಲಿಂದ ಜಾರುವ ಶಾಲು.

ನನ್ನಕ್ಕ ಸ್ತನ ಕ್ಯಾನ್ಸರಿಗೆ ಕೀಮೋ ತೆಗೆದುಕೊಂಡ 6 ತಿಂಗಳಲ್ಲಿ 5 ಕೆ.ಜಿ. ಹೆಚ್ಚಾದಳು. ಶಿವಮೊಗ್ಗದ ಮನೆಗೆ ನೋಡಲು ಬಂದವರು ‘ಮೈಕೈ ತುಂಬಿಕೊಂಡಿದ್ದೀಯ, ಇನ್ನೇನು ವಾಸಿಯಾದ ಹಾಗೇ’ ಎಂದರು. ಒಬ್ಬರಂತೂ ನಿಜವಾಗಿ ಕ್ಯಾನ್ಸರೇನಾ ಎಂದು ಅಡುಗೆಮನೆಯಲ್ಲಿ ಅಮ್ಮನನ್ನು ಕೇಳಿದರಂತೆ. ‘ಬಡವಾಗಿದ್ದಿದ್ದರೆ ನಂಬ್ತಿದ್ರು ಕಣೋ’ ಎಂದ ಅಕ್ಕ ಆಮೇಲೆ ವಿಡಿಯೋ ಕಾಲ್‌ನಲ್ಲಿ ಮುಖ ತೋರಿಸುವುದನ್ನೇ ಬಿಟ್ಟಳು. ಈ ಕಾಯಿಲೆಯ ಬಗ್ಗೆ ಹೆಸರಾದ ಪುಸ್ತಕಗಳನ್ನು ಬರ್ಮಿಂಗ್‌ಹ್ಯಾಮ್‌ನ ಲೈಬ್ರರಿಯಿಂದ ತಂದು ನಾನು ಓದಿದ್ದು, ಅವಳಂಥ ದೇಹ ಎಲ್ಲಾದರೂ ಸಿಕ್ಕೀತೇ ಎಂದು.

ಸೂಸಾನ್ ಸಾಂಟಾಗ್ ಅವರ ‘ಇಲ್‌ನೆಸ್ ಆ್ಯಸ್ ಮೆಟಫರ್’ (1978) ಹರಿತವಾದ ಪುಸ್ತಕ. ಕ್ಷಯದಿಂದ ಸೊರಗಿದ ಮೈಯನ್ನು 19ನೇ ಶತಮಾನ ಚೆಲುವೆಂದು ಹೇಗೆ ಕೊಂಡಾಡಿತು ಎಂದು ತೋರಿಸುವ ಭಾಗ ಮರೆಯುವಂಥದ್ದಲ್ಲ. ಆದರೆ ಸ್ವತಃ ಸ್ತನ ಕ್ಯಾನ್ಸರ್ ಅನುಭವಿಸಿದ್ದ ಲೇಖಕಿ ತಮ್ಮ ದೇಹವನ್ನು ಪುಸ್ತಕದ ಹೊರಗಿಟ್ಟಿದ್ದಾರೆ. ವಾದಕ್ಕೆ ಅದರಿಂದ ಬಲ ಬಂದಿದೆ, ನಿಜ. ನನಗೆ ಬೇಕಿದ್ದದ್ದು ಮಾತ್ರ ಅಲ್ಲಿರಲಿಲ್ಲ.

ಆಡ್ರೆ ಲಾರ್ಡ್ ಅವರ ‘ದಿ ಕ್ಯಾನ್ಸರ್ ಜರ್ನಲ್ಸ್’ (1980) ಇದಕ್ಕೆ ತದ್ವಿರುದ್ಧ. ಸ್ತನ ತೆಗೆದ ಮೇಲೆ ಕೃತಕ ಸ್ತನ ಧರಿಸಲು ಅವರು ಒಪ್ಪಲಿಲ್ಲ. ನೋಡುವವರ ನೆಮ್ಮದಿಗಾಗಿ ನನ್ನ ಮೈಯನ್ನು ನಾನೇಕೆ ತಿದ್ದಿಕೊಳ್ಳಲಿ ಎಂಬ ಆ ಸಿಟ್ಟು ಅಕ್ಕನ ಸಿಟ್ಟಿಗೆ ತೀರ ಹತ್ತಿರ. ಎರಡರಲ್ಲಿ ದೊಡ್ಡ ಪುಸ್ತಕ ಇದೇ ಎಂಬುದು ನನ್ನ ಅಭಿಪ್ರಾಯ. ಆದರೂ ಅದು ದೇಹದಿಂದ ಹೋದದ್ದರ ಕಥೆ. ಬಂದು ಸೇರಿಕೊಂಡದ್ದರ ಕಥೆಯನ್ನು ಯಾರು ಬರೆಯಬೇಕು?

ಬರೆಯಲು ಸರಕಿಗೇನೂ ಬರವಿಲ್ಲ. ವಾಂತಿ, ಅಲರ್ಜಿ ತಡೆಯಲು ಕೀಮೋ ಜೊತೆ ಕೊಡುವ ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್ ಹಸಿವನ್ನು ಕೆರಳಿಸುತ್ತದೆ. ಅಂಡಾಶಯ ಸುಮ್ಮನಾಗಿ ಹೊತ್ತಿಗೆ ಮುಂಚೆಯೇ ಮುಟ್ಟು ನಿಲ್ಲಬಹುದು. ಸುಸ್ತಿಗೆ ಓಡಾಟ ಕಡಿಮೆಯಾಗುತ್ತದೆ. ಎಲ್ಲರಿಗೂ ಹೀಗಲ್ಲ, ತೂಕ ಇಳಿಯುವವರೂ ಇದ್ದಾರೆ. ಇನ್ನು ಕೆಲವರಲ್ಲಿ ಸ್ನಾಯು ಕರಗಿ ಕೊಬ್ಬು ಸೇರುತ್ತದೆ, ತೂಕದ ಯಂತ್ರದ ಮುಳ್ಳು ಮಾತ್ರ ಅಲ್ಲಾಡುವುದಿಲ್ಲ. ಲೆಕ್ಕ ತಪಾಸಣೆ ಮಾಡುವವರಿಗೆ ಇದು ಹೊಸತಲ್ಲ: ಮೊತ್ತ ತಾಳೆಯಾಗುತ್ತದೆ, ಒಳಗೆ ಆಸ್ತಿ ಸವೆದಿರುತ್ತದೆ. ಅಕ್ಕನಿಗೆ ಬಳೆ ಬಿಗಿಯಾಗಿತ್ತು, ಮಹಡಿ ಮೆಟ್ಟಿಲು ಹತ್ತುವ ಶಕ್ತಿ ಇರಲಿಲ್ಲ. ಔಷಧದ ಪ್ರಮಾಣವನ್ನು ಎತ್ತರ, ತೂಕ ನೋಡಿ ನಿರ್ಧರಿಸುವುದರಿಂದ ಕೀಮೋಗೆ ಹೋದಾಗಲೆಲ್ಲ ತೂಕ ನೋಡುತ್ತಿದ್ದರು. ವೈದ್ಯರಿಗೆ ಅದು ಡೋಸಿನ ಅಂಕಿ. ಅವಳು ಅದನ್ನು ಫೇಲಾದ ಹುಡುಗಿಯ ಮಾರ್ಕ್ಸ್ ಕಾರ್ಡಿನಂತೆ ಮಡಿಸಿಡುತ್ತಿದ್ದಳು.

ಇದು ಡಾಕ್ಟರರ ಕೈಪಿಡಿಗೆ ಬಿಟ್ಟುಬಿಡುವ ವಿಷಯವಲ್ಲ ಎಂಬುದೇ ನಮ್ಮ ಕಥೆಗಾರರೊಂದಿಗೆ ನನ್ನ ತಕರಾರು. ಸೊರಗಿದವಳ ಮೇಲೆ ಕರುಣೆ ಹುಟ್ಟಿಸುವುದು ಸುಲಭ. ಊದಿದ ಮುಖದ, ಸದಾ ಹಸಿದ, ಅದಕ್ಕಾಗಿ ನಾಚುವ ಹೆಂಗಸನ್ನು ಓದುಗರ ಮುಂದೆ ನಿಲ್ಲಿಸುವುದು ಕಷ್ಟ.

ಲಾರ್ಡ್ ಪುಸ್ತಕವನ್ನು ಅಕ್ಕನಿಗೆ ಕಳಿಸಿದ್ದೇನೆ. ಅರ್ಧ ಓದಿದ್ದಾಳೆ. ಕನ್ನಡದಲ್ಲಿ ಕೊಟ್ಟರೆ ಮೊದಲು ಆ ಅಡುಗೆಮನೆಯವರಿಗೆ ಓದಿಸುತ್ತಾಳಂತೆ.