ಕೂದಲೆಳೆಗಿಂತ ತೆಳ್ಳಗೆ

ಮಿಷಿಗನ್ನಿನ ಜನವರಿ. ಹೊರಗೆ ಮೊಣಕಾಲುದ್ದ ಹಿಮ, ಗ್ಯಾರೇಜಿನೊಳಗೆ ನಾನು ಮತ್ತು ನನ್ನ 1984ರ ಫೋರ್ಡ್ ಎಫ್-150 ಪಿಕಪ್. ಅದರ ಎಂಜಿನ್ನನ್ನು ಇಲ್ಲಿನವರು ಪ್ರೀತಿಯಿಂದ ‘ತ್ರೀ ಹಂಡ್ರೆಡ್’ ಅನ್ನುತ್ತಾರೆ. ಮುನ್ನೂರು ಘನ ಅಂಗುಲ, ಅಂದರೆ 4.9 ಲೀಟರ್. ಒಂದೇ ಸಾಲಿನಲ್ಲಿ ನೆಟ್ಟಗೆ ನಿಂತ ಆರು ಸಿಲಿಂಡರು. 1965ರಿಂದ 1996ರವರೆಗೆ ತಯಾರಾದ, ಪಾರ್ಸೆಲ್ ವ್ಯಾನುಗಳಲ್ಲೂ ದುಡಿದ, ಗಟ್ಟಿಮುಟ್ಟಾದ ಬೀಡುಕಬ್ಬಿಣದ ಜೀವ.

ನೀಲಿ ಹೊಗೆ ಬಿಡುತ್ತಿತ್ತು. ಪ್ಲಗ್ಗುಗಳನ್ನು ಕಳಚಿ ಸಾಲಾಗಿ ಇಟ್ಟೆ. ಐದರ ತುದಿ ಹದವಾಗಿ ಬೆಂದ ಬಿಸ್ಕತ್ತಿನ ಬಣ್ಣ. ಮೂರನೆಯದು ಮಾತ್ರ ಎಣ್ಣೆಯಲ್ಲಿ ಕಲಸಿದ ಕಾಡಿಗೆ. ಅದೇ ಸಿಲಿಂಡರಿನಲ್ಲಿ ಕಂಪ್ರೆಷನ್ನೂ ಕಮ್ಮಿ. ಪ್ಲಗ್ ತೂತಿನೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದರೆ ಮುಳ್ಳು ಸರಸರನೆ ಮೇಲೇರಿತು. ಪಿಸ್ಟನ್ ರಿಂಗಿನ ಸಂದನ್ನು ಎಣ್ಣೆ ತುಂಬಿತ್ತು. ವಾಲ್ವು ಸೋರುತ್ತಿದ್ದರೆ ಮುಳ್ಳು ಇದ್ದಲ್ಲೇ ಇರುತ್ತಿತ್ತು. ನಾಡಿ ಹಿಡಿದು ರೋಗ ಹೇಳುವ ಪಂಡಿತರ ಬೆರಳಿಗಿರುವ ಸೂಕ್ಷ್ಮ ಈ ಒಂದು ಚಮಚ ಎಣ್ಣೆಗಿದೆ.

ಬಿಚ್ಚುವ ಕೆಲಸ ಎರಡು ವಾರಾಂತ್ಯ ಹಿಡಿಯಿತು. ಮುಂದಿನ ಕವರ್ ತೆಗೆದ ಕ್ಷಣ ಮಾತ್ರ ಕೈ ತಾನಾಗಿ ನಿಂತಿತು. ಕ್ರ್ಯಾಂಕಿನ ತಿರುವನ್ನು ವಾಲ್ವು ತೆರೆಯುವ ಕ್ಯಾಮಿಗೆ ದಾಟಿಸಲು ಬಹಳಷ್ಟು ಎಂಜಿನ್ನುಗಳಲ್ಲಿ ಚೈನೋ ಬೆಲ್ಟೋ ಇರುವ ಜಾಗದಲ್ಲಿ ಇದಕ್ಕೆ ಎರಡೇ ಗೇರು. ಓರೆಯಾಗಿ ಕೊರೆದ ಹಲ್ಲುಗಳು ಒಂದರ ಮಡಿಲಲ್ಲಿ ಒಂದು ಕೂತಿವೆ. ಕ್ಯಾಮಿನ ದೊಡ್ಡ ಗೇರನ್ನು ಸದ್ದು ಕಡಿಮೆಯಾಗಲೆಂದು ಫೈಬರಿನಲ್ಲಿ ಮಾಡಿದ್ದಾರೆ. ಇಷ್ಟು ಒರಟು ಕೆಲಸದ ಎಂಜಿನ್ನಿಗೆ ಇಷ್ಟು ಮೆದುವಾದ ಯೋಚನೆ!

ಸಿಲಿಂಡರಿನ ಬೋರಿಗೆ ಹೋನ್ ಹಾಕುವುದು ನನಗೆ ತೀರಾ ಇಷ್ಟದ ಕೆಲಸ. ತಿರುಗುವ ಸಾಣೆಕಲ್ಲನ್ನು ಒಂದೇ ಲಯದಲ್ಲಿ ಮೇಲೆ ಕೆಳಗೆ ಆಡಿಸಿದರೆ ಕನ್ನಡಿಯಂತೆ ಸವೆದ ಗೋಡೆಯ ಮೇಲೆ ನವಿರಾದ ಗೀರುಗಳು ಹಾದುಹೋಗುತ್ತವೆ, ಬೆತ್ತದ ಕುರ್ಚಿಯ ಹೆಣಿಗೆಯ ಹಾಗೆ. ಆ ಗೀರುಗಳೇ ಎಣ್ಣೆಯನ್ನು ಹಿಡಿದಿಡುವುದು. ಹೊಸ ರಿಂಗುಗಳು ಅವುಗಳ ಮೇಲೆಯೇ ಹೊಂದಿಕೊಳ್ಳುವುದು. ಬಿಸಿ ಸೋಪುನೀರಲ್ಲಿ ತೊಳೆದು, ಬಿಳಿ ಬಟ್ಟೆಗೆ ಮಸಿ ಅಂಟದಾಗುವವರೆಗೆ ಒರೆಸಿ, ದೀಪ ಹಿಡಿದು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಆಮೇಲೆ ಬೇರಿಂಗ್. ಕ್ರ್ಯಾಂಕನ್ನು ಏಳು ಕಡೆ ಹೊರುವ, ಮಂಕು ಬೂದುಬಣ್ಣದ, ರೇಷ್ಮೆಯಷ್ಟು ನಯವಾದ ಅರ್ಧಚಂದ್ರಗಳು. ಮೇಣದಂಥ ಸಣ್ಣ ಎಳೆಯೊಂದನ್ನು ನಡುವೆ ಇಟ್ಟು ಕ್ಯಾಪ್ ಬಿಗಿದು, ಬಿಚ್ಚಿ, ಅದು ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಎಂದು ಅಳೆಯಬೇಕು. ಬಂದದ್ದು ಮಿಲಿಮೀಟರಿನ ನೂರರಲ್ಲಿ ನಾಲ್ಕು ಪಾಲು. ತಲೆಗೂದಲಿಗಿಂತ ತೆಳುವಾದ ಆ ಸಂದಿನಲ್ಲಿ ಎಣ್ಣೆಯ ಪೊರೆಯೊಂದು ನಿಂತು, ಇಡೀ ಕ್ರ್ಯಾಂಕನ್ನು ತೇಲಿಸಿ ತಿರುಗಿಸುತ್ತದೆ. ಓಡುವಾಗ ಲೋಹ ಲೋಹವನ್ನು ಮುಟ್ಟುವುದೇ ಇಲ್ಲ.

ಎಲ್ಲ ಜೋಡಿಸಿದ ಮೇಲೆ, ಸ್ಟಾರ್ಟ್ ಮಾಡುವ ಮುನ್ನ, ಡಿಸ್ಟ್ರಿಬ್ಯೂಟರಿನ ತೂತಿನೊಳಗೆ ಆರುಮೂಲೆಯ ಕಡ್ಡಿ ಇಳಿಸಿ ಡ್ರಿಲ್ಲಿನಿಂದ ಆಯಿಲ್ ಪಂಪನ್ನು ತಿರುಗಿಸಿದೆ. ಮೊದಲು ಡ್ರಿಲ್ ಹಗುರವಾಗಿ ಸುತ್ತಿತು. ಆಮೇಲೆ ಭಾರ ಹಿಡಿಯಿತು, ಅದರ ದನಿ ತಗ್ಗಿತು. ಎಣ್ಣೆ ಒಳಗೆಲ್ಲೋ ಹತ್ತುತ್ತಿದೆ... ಟ್ಯಾಪೆಟ್ಟುಗಳೊಳಗೆ, ಟೊಳ್ಳು ಪುಶ್‌ರಾಡುಗಳೊಳಗೆ... ಮೊದಲ ರಾಕರಿನ ತುದಿಯಲ್ಲಿ ಜೇನಿನ ಬಣ್ಣದ ಒಂದು ಹನಿ ಮೂಡಿ, ದುಂಡಗಾಗಿ, ಮೆಲ್ಲನೆ ಜಾರಿತು. ಕ್ರ್ಯಾಂಕನ್ನು ಕೈಯಿಂದ ಅಷ್ಟಷ್ಟೇ ತಿರುಗಿಸಿದ ಹಾಗೆ ಆರನೆಯ ಸಿಲಿಂಡರಿನವರೆಗೂ ಹನಿಗಳು ಬಂದವು.

ಗ್ಯಾರೇಜಿನ ಬಾಗಿಲೆತ್ತಿ ಕೀ ತಿರುಗಿಸಿದೆ. ಒಂದು, ಐದು, ಮೂರು, ಆರು, ಎರಡು, ನಾಲ್ಕು: ಅದು ಸಿಡಿಯುವ ಕ್ರಮ. ಒಂದು ಆರರ ಜೊತೆ, ಐದು ಎರಡರ ಜೊತೆ, ಮೂರು ನಾಲ್ಕರ ಜೊತೆ ಏರಿಳಿಯುತ್ತವೆ. ಪಿಸ್ಟನ್ನುಗಳ ಒಂದು ಜೋಡಿಯ ಎಳೆತವನ್ನು ಉಳಿದೆರಡು ಜೋಡಿಗಳು ಸರಿದೂಗಿಸುತ್ತವೆ. ಬಾನೆಟ್ಟಿನ ಪಕ್ಕ ಮಡ್‌ಗಾರ್ಡಿನ ಮೇಲೆ ನನ್ನ ಸ್ಟೀಲ್ ಲೋಟವಿತ್ತು. ಕಾಫಿಯ ನೊರೆಯ ಮೇಲೆ ಎಳೆಯಷ್ಟು ಸಣ್ಣ ಉಂಗುರಗಳು ಎದ್ದು ಅಂಚು ಮುಟ್ಟಿ ಕರಗುತ್ತಿದ್ದವು.